ತೋಟಕ್ಕೆ ಹೆದ್ದಾರಿ ಪ್ರಕಟಣೆ: 21 ದಿನ ಎಲ್ಲಿಂದ ಎಣಿಸಬೇಕು?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮ ಕಾಫಿ ತೋಟವಿದೆ. ಅದರಲ್ಲಿ 14 ಗುಂಟೆ ರಾಷ್ಟ್ರೀಯ ಹೆದ್ದಾರಿಗೆ ಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿದೆ. ಪಹಣಿ ಇನ್ನೂ ತೀರಿಕೊಂಡ ತಂದೆಯವರ ಹೆಸರಲ್ಲಿದೆ. ಜಮೀನು ರಾಜ್ಯದ ವಿಷಯವಲ್ಲವೇ? ಕೇಂದ್ರ ಹೇಗೆ ತೆಗೆದುಕೊಳ್ಳುತ್ತದೆ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಸಂವಿಧಾನದ ಏಳನೇ ಅನುಸೂಚಿಯಲ್ಲಿ ಜಮೀನು ರಾಜ್ಯಪಟ್ಟಿಯ 18ನೇ ನಮೂದು, ನಿಜ. ಆದರೆ ರಾಷ್ಟ್ರೀಯ ಹೆದ್ದಾರಿ ಕೇಂದ್ರಪಟ್ಟಿಯ 23ನೆಯದು, ಭೂಸ್ವಾಧೀನ ಸಮವರ್ತಿ ಪಟ್ಟಿಯ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) 42ನೆಯದು. ಕೇಂದ್ರಕ್ಕೆ ಅಧಿಕಾರವೇ ಇಲ್ಲ ಎಂಬ ವಾದ ನಿಲ್ಲದು, ಅದಕ್ಕಾಗಿ ದಿನ ಕಳೆಯಬೇಡಿ.

ಕೇಂದ್ರದ ಕೈ ಕಟ್ಟುವುದು ಸಂವಿಧಾನದ 300ಎ ವಿಧಿ: ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. 1978ರ 44ನೇ ತಿದ್ದುಪಡಿಯ ನಂತರ ಆಸ್ತಿ ಮೂಲಭೂತ ಹಕ್ಕಲ್ಲ. ಆದರೂ ಕ್ರಮ ತಪ್ಪಿದರೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ನೋಟಿಸ್, ಅಹವಾಲು ಹೇಳುವ ಅವಕಾಶ, ಕಾರಣ ಕೊಟ್ಟ ಆದೇಶ ಇವೆಲ್ಲ ಆ ಹಕ್ಕಿನೊಳಗೇ ಇವೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ನಿಮ್ಮದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಸೆಕ್ಷನ್ನಿನ ಅಧಿಸೂಚನೆ, ಅಂದರೆ ಜಮೀನು ತೆಗೆದುಕೊಳ್ಳುವ ಉದ್ದೇಶ ತಿಳಿಸುವ ಪ್ರಕಟಣೆ. ಬಹುತೇಕರು ಎಡವುವುದು ಇಲ್ಲಿ: ಆಕ್ಷೇಪಣೆಯ 21 ದಿನ ಶುರುವಾಗುವುದು ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ. ಪತ್ರಿಕೆ ನಿಮ್ಮ ಕೈಗೆ ಸಿಕ್ಕ ದಿನ ಲೆಕ್ಕಕ್ಕಿಲ್ಲ. ಗೆಜೆಟ್ ಪ್ರತಿ ಇಂದೇ ತೆಗೆಸಿ, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣವನ್ನು ಪಹಣಿ ಮತ್ತು ಸ್ಕೆಚ್ ಜೊತೆ ತಾಳೆ ನೋಡಿ. ಆಕ್ಷೇಪಣೆಯನ್ನು ಸಕ್ಷಮ ಪ್ರಾಧಿಕಾರಕ್ಕೆ (ಸ್ವಾಧೀನದ ಕೆಲಸಕ್ಕೆ ಕೇಂದ್ರ ಗೊತ್ತುಪಡಿಸಿದ ಅಧಿಕಾರಿ) ಲಿಖಿತವಾಗಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಖುದ್ದಾಗಿ ಅಥವಾ ವಕೀಲರ ಮೂಲಕ ನಿಮ್ಮ ಮಾತು ಕೇಳಲೇಬೇಕು. ‘ದರ ಸಾಲದು’ ಎಂದು ಈ ಹಂತದಲ್ಲಿ ಬರೆದರೆ ಪ್ರಯೋಜನವಿಲ್ಲ. ಜಮೀನನ್ನು ರಸ್ತೆಗೆ ಬಳಸುವುದಕ್ಕೆ ಏಕೆ ತಕರಾರು ಎಂಬುದಷ್ಟೇ ಇಲ್ಲಿನ ವಿಷಯ: ಅಳತೆ ತಪ್ಪು, ತೋಟದ ಏಕೈಕ ದಾರಿ ಮುಚ್ಚುವುದು, ಕೆರೆಯ ನೀರು ತಪ್ಪುವುದು.

3ಎ ಆದ ಒಂದು ವರ್ಷದೊಳಗೆ 3ಡಿ ಸೆಕ್ಷನ್ನಿನ ಸ್ವಾಧೀನ ಘೋಷಣೆ ಬಾರದಿದ್ದರೆ ಅಧಿಸೂಚನೆ ಬಿದ್ದುಹೋಗುತ್ತದೆ (ಕೋರ್ಟಿನ ತಡೆಯಾಜ್ಞೆಯ ಅವಧಿ ಬಿಟ್ಟು). ಬಂದರೆ ಜಮೀನು ಆ ದಿನವೇ ಕೇಂದ್ರದ್ದು.

ಹಣದ ವಿಷಯ 3ಜಿ ಸೆಕ್ಷನ್ನಿನ, ಅಂದರೆ ಪರಿಹಾರ ನಿಗದಿಯ ಹಂತದ್ದು. 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕ ಇದಕ್ಕೂ ಅನ್ವಯಿಸುತ್ತದೆ: ಪರಿಹಾರದ ಮೇಲೆ ಶೇ 100 ಸೊಲೇಷಿಯಂ (ಬಲವಂತದ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ) ಸೇರುತ್ತದೆ. ಜಂಟಿ ಅಳತೆಯ ದಿನ ಕಾಫಿ ಗಿಡ, ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಎಣಿಕೆಗೆ ಹಾಜರಿರಿ, ಪಟ್ಟಿಯ ನಕಲು ಪಡೆಯಿರಿ. ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ನೇಮಿಸಿದ ಮಧ್ಯಸ್ಥಗಾರರ ಬಳಿ ಅರ್ಜಿ.

ಪಹಣಿ ತಂದೆಯವರ ಹೆಸರಲ್ಲಿದ್ದರೂ ವಾರಸುದಾರರಾಗಿ ನೀವು ಆಕ್ಷೇಪಿಸಬಹುದು. ಮರಣ ಪ್ರಮಾಣಪತ್ರ, ವಂಶವೃಕ್ಷ ಲಗತ್ತಿಸಿ, ಪೌತಿ ಖಾತೆಗೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಈಗಲೇ ಅರ್ಜಿ ಹಾಕಿ. ಪಾಲಿನ ಬಗ್ಗೆ ಒಡಹುಟ್ಟಿದವರಲ್ಲಿ ತಕರಾರಿದ್ದರೆ ವಿಷಯ ಸಿವಿಲ್ ಕೋರ್ಟಿಗೆ ಹೋಗುತ್ತದೆ, ಹಣ ಅಲ್ಲೇ ಕೂರುತ್ತದೆ.