ಓದುಗರ ಪ್ರಶ್ನೆ: ಹಳೆಯ ಲವ್ ಕಾಮಿಕ್ಸಿನ ಹುಡುಗಿಯರು ಯಾಕೆ ಅಷ್ಟು ಅಳುತ್ತಾರೆ?

ಪ್ರಶ್ನೆ: ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಗುಮಾಸ್ತರಾಗಿದ್ದರು. ಅವರ ಟ್ರಂಕಿನಲ್ಲಿ 1950ರ ದಶಕದ ಅಮೆರಿಕದ ಲವ್ ಕಾಮಿಕ್ಸ್ ಒಂದು ಕಟ್ಟು ಸಿಕ್ಕಿದೆ. ಪಿಯುಸಿ ಓದುವ ಮಗಳು ನೋಡಿ, ‘ಈ ಹುಡುಗಿಯರಿಗೆ ಅಳೋದು ಬಿಟ್ಟು ಬೇರೆ ಕೆಲಸ ಇಲ್ವಾ ಅಮ್ಮಾ?’ ಎನ್ನುತ್ತಾಳೆ. ತೂಕಕ್ಕೆ ಹಾಕಿಬಿಡಲೇ?
– ಓದುಗಿ, ರಾಬರ್ಟ್‌ಸನ್‌ಪೇಟೆ

ದಯವಿಟ್ಟು ಹಾಕಬೇಡಿ. ಕೆಜಿಎಫ್ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. ಅಲ್ಲಿಯವರೆಗೆ ಅವು ಇಂಗ್ಲಿಷ್ ಕಂಪನಿಯ ಕೈಯಲ್ಲಿದ್ದವು. ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು ಓದಿ ಬಿಟ್ಟ ಪುಸ್ತಕಗಳು ನಿಮ್ಮ ಪೇಟೆಯ ಹಳೆ ಅಂಗಡಿಗಳಲ್ಲಿ ಬಹಳ ಕಾಲ ಸಿಗುತ್ತಿದ್ದವು. ಕೋಲಾರದಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಾಗ ನಾನೂ ಅಲ್ಲಿಂದಲೇ ಇಂಥ ಕಾಮಿಕ್ಸ್ ತಂದು ಓದಿದ್ದು.

ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಈ ಬಗೆಯ ಕಾಮಿಕ್ಸ್ ಶುರುವಾಗಿದ್ದು 1947ರಲ್ಲಿ, ‘ಯಂಗ್ ರೊಮ್ಯಾನ್ಸ್’ ಎಂಬ ಪುಸ್ತಕದಿಂದ. ಅದನ್ನು ಮಾಡಿದವರು ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ. ಕ್ಯಾಪ್ಟನ್ ಅಮೆರಿಕನನ್ನು ಹುಟ್ಟಿಸಿದ ಜೋಡಿ ಇದೇ. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಎರಡು ಮೂರು ವರ್ಷದಲ್ಲಿ ಅಂಗಡಿ ತುಂಬ ಇಂಥವೇ ಬಂದವು.

1947 ಎಂಬ ಆ ವರ್ಷವನ್ನು ಗಮನಿಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೆಂಗಸರು ವಿಮಾನ ಕಟ್ಟಿದರು, ಮದ್ದುಗುಂಡು ಮಾಡಿದರು. 1945ರಲ್ಲಿ ಗಂಡಸರು ವಾಪಸ್ ಬಂದರು. ‘ಇನ್ನು ನೀವು ಮನೆಗೆ ಹೋಗಿ’ ಎಂದು ಹೆಂಗಸರಿಗೆ ಎಲ್ಲ ಕಡೆಯಿಂದ ಹೇಳಲಾಯಿತು. ಈ ಕಥೆಗಳು ಹುಟ್ಟಿದ್ದು ಅದೇ ಹೊತ್ತಿನಲ್ಲಿ.

ಕಥೆಯನ್ನು ಹುಡುಗಿಯೇ ‘ನಾನು’ ಎಂದು ಹೇಳುತ್ತಾಳೆ. ಅದನ್ನು ಬರೆದವರು, ಚಿತ್ರ ಬಿಡಿಸಿದವರು ಬಹುಪಾಲು ಗಂಡಸರು. ಅವಳಿಗೆ ಊರು ಬಿಡುವ ಆಸೆ, ದುಡಿಯುವ ಆಸೆ, ಮನಸ್ಸಿಗೆ ಬಂದವನ ಜೊತೆ ತಿರುಗುವ ಆಸೆ. ಕೊನೆಯ ಚಿತ್ರದಲ್ಲಿ ಒಬ್ಬ ‘ಒಳ್ಳೆಯ ಹುಡುಗ’ನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಆಸೆಯಿಂದ ತೋಳಿಗೆ ಬರಬೇಕಾದರೆ ನಡುವೆ ಪಶ್ಚಾತ್ತಾಪ ಬೇಕು. ಅಳು ಬರುವುದು ಅಲ್ಲಿ. ಮಗಳಿಗೆ ಹೇಳಿ: ಕೊನೆಯ ಚಿತ್ರವನ್ನು ಕೈಯಿಂದ ಮುಚ್ಚಿ ಓದು. ಆ ಹುಡುಗಿಗೆ ಏನು ಬೇಕಾಗಿತ್ತು ಎನ್ನುವುದೆಲ್ಲ ಮುಂಚಿನ ಪುಟಗಳಲ್ಲಿದೆ.

ಪ್ರಶ್ನೆ: ಈ ಕಥೆಗಳು ಮೊದಲು ಇನ್ನೂ ಧೈರ್ಯವಾಗಿದ್ದವು, ಆಮೇಲೆ ಸಪ್ಪೆಯಾದವು ಅಂತ ಕೇಳಿದ್ದೇನೆ. ನಿಜವೇ?
– ಓದುಗ, ತುಮಕೂರು

ನಿಜ. ಇದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

1954ರಲ್ಲಿ ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯರು ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಪುಸ್ತಕ ಬರೆದರು. ಅದೇ ವರ್ಷ ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಒಂದು ಕಾಮಿಕ್ಸ್ ಕೋಡ್, ಅಂದರೆ ನಿಯಮಗಳ ಪಟ್ಟಿ, ಮಾಡಿಕೊಂಡರು. ಅದನ್ನು ಜಾರಿ ಮಾಡಲು ಬಂದವರು ಒಬ್ಬ ಮ್ಯಾಜಿಸ್ಟ್ರೇಟ್. ಕೋಡಿನ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗೆ ಹಂಚುವವರು ಸಿಗುವುದೇ ಕಷ್ಟವಾಯಿತು. ಪ್ರೇಮಕಥೆ ಮನೆಯ ಬೆಲೆಯನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿ ಹಿಡಿಯಬೇಕು, ಡೈವೋರ್ಸನ್ನು ಬಯಸುವಂಥದ್ದು ಎಂದು ತೋರಿಸಬಾರದು, ತಂದೆತಾಯಿಗೆ ಗೌರವ ಬರುವಂತೆ ಬರೆಯಬೇಕು. ಇವೆಲ್ಲ ಆ ಕೋಡಿನಲ್ಲಿವೆ.

ಹೊಡೆಯುವ ಗಂಡನ ಮನೆಯಲ್ಲಿರುವ ಹೆಣ್ಣಿನ ಕಥೆಯನ್ನು ಈ ನಿಯಮದೊಳಗೆ ಹೇಗೆ ಬರೆಯುತ್ತೀರಿ? ಬರೆಯಲು ಆಗಲ್ಲ. ‘ಮರ್ಯಾದೆಯಿಂದ ಅನುಸರಿಸಿಕೊಂಡು ಹೋಗು’ ಅನ್ನುವುದು ನಮ್ಮ ಕಡೆ ಹಿರಿಯರ ಬಾಯಿಮಾತು. ಅಲ್ಲಿ ಅದನ್ನೇ ಕಾಗದದ ಮೇಲೆ ಬರೆದು ಮೊಹರು ಒತ್ತಿದರು.

ಈ ಕೋಡಿಗೆ ಮುಂಚೆ ಸೇಂಟ್ ಜಾನ್ ಎಂಬ ಪ್ರಕಾಶನದಲ್ಲಿ ಡೇನಾ ಡಚ್ ಕಥೆ ಬರೆಯುತ್ತಿದ್ದರು, ಮ್ಯಾಟ್ ಬೇಕರ್ ಚಿತ್ರ ಬಿಡಿಸುತ್ತಿದ್ದರು. ಡಚ್ ಬರೆದ ಹುಡುಗಿಯರು ನನಗೆ ತುಂಬ ಇಷ್ಟ. ಮನೆಯವರಿಗೆ ಹೇಳದೆ ಹೋಗುತ್ತಾರೆ, ಎಡವುತ್ತಾರೆ, ತಾವೇ ಯೋಚಿಸಿ ಸರಿಮಾಡಿಕೊಳ್ಳುತ್ತಾರೆ. ಅವರಿಗೆ ಶಿಕ್ಷೆ ಕೊಡಬೇಕು ಅನ್ನುವ ಅವಸರ ಕಥೆಗೆ ಇಲ್ಲ. ಬೇಕರ್ ಕರಿಯ ಕಲಾವಿದ. ಆ ಕ್ಷೇತ್ರದಲ್ಲಿ ಅಂಥವರು ಬೆರಳೆಣಿಕೆಯಷ್ಟೇ ಇದ್ದರು. ಅವರು ಬಿಡಿಸಿದ ಹೆಂಗಸರು ನೆಟ್ಟಗೆ ನಿಂತು ಎದುರಿನವರ ಕಣ್ಣು ನೋಡಿ ಮಾತಾಡುತ್ತಾರೆ. ಬೇಕರ್ 1959ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡರು.

ಇನ್ನೊಂದು ಮಾತು. ಈ ಕಥೆಗಳ ನಾಯಕಿಯರು ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು. ಕರಿಯ ಹೆಣ್ಣುಮಕ್ಕಳನ್ನೇ ನಾಯಕಿ ಮಾಡಿದ ಒಂದು ಪುಸ್ತಕ 1950ರಲ್ಲಿ ಬಂತು. ಮೂರೇ ಸಂಚಿಕೆಗೆ ನಿಂತಿತು.

ಪ್ರಶ್ನೆ: ನಾನು ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ಆ ಕಥೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಇರಲಿಲ್ವಾ?
– ಓದುಗಿ, ಮಾಲೂರು

ಬೇಕಾದಷ್ಟು ಇದ್ದರು. ಟೈಪಿಸ್ಟ್, ನರ್ಸ್, ಗಗನಸಖಿ, ಅಂಗಡಿಯ ಸೇಲ್ಸ್ ಹುಡುಗಿ, ಮಾಡೆಲ್. ಆದರೆ ಅಲ್ಲಿ ಕೆಲಸ ಅನ್ನುವುದು ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಗಂಡ ಬರುವ ತನಕ ಕಾಯುವ ಜಾಗ. ಡಾಕ್ಟರ್ ಸಿಕ್ಕಿದರೆ ನರ್ಸಿನ ಕಥೆ ಮುಗಿಯಿತು. ಹುಡುಗನಿಗಿಂತ ಅವಳು ಜಾಸ್ತಿ ಹೆಸರು ಮಾಡಿದರೆ ಅವನು ಮುನಿಸಿಕೊಂಡು ಹೋಗುತ್ತಾನೆ. ಅವಳು ರಾಜೀನಾಮೆ ಕೊಟ್ಟರೆ ವಾಪಸ್ ಬರುತ್ತಾನೆ.

ನಾನು ಓದಿದ ಕಥೆಗಳಲ್ಲಿ ಸಂಬಳದ ಮಾತೇ ಅಪರೂಪ. ನನ್ನ ಹಳೆಯ ವಿದ್ಯಾರ್ಥಿನಿಯರು ಹಲವರು ಇವತ್ತು ನಿಮ್ಮ ಹಾಗೆ ಕತ್ತಲಲ್ಲೇ ಕಂಪನಿ ಬಸ್ ಹತ್ತುತ್ತಾರೆ. ಸಿಕ್ಕಾಗ ಅವರು ಮೊದಲು ಹೇಳುವುದು ಸಂಬಳದ ವಿಷಯ. ತಮ್ಮನ ಫೀಸು ಕಟ್ಟಿದೆ, ಅಮ್ಮನ ಓಲೆ ಬಿಡಿಸಿಕೊಂಡು ಬಂದೆ, ನನ್ನ ಹೆಸರಲ್ಲೇ ಚೀಟಿ ಹಾಕಿದ್ದೇನೆ ಮೇಡಂ, ಅಂತ. ದುಡ್ಡು ಕೈಗೆ ಬಂದಾಗ ಮನೆಯಲ್ಲಿ ಹೆಣ್ಣಿನ ಮಾತಿಗೆ ಬರುವ ತೂಕ ಇದೆಯಲ್ಲ, ಆ ಕಾಮಿಕ್ಸ್ ಬರೆದವರು ಅದನ್ನು ಬಿಟ್ಟೇಬಿಟ್ಟರು.

ಪ್ರಶ್ನೆ: ಗಂಡಸರನ್ನು ಹೇಗೆ ತೋರಿಸಿದ್ದಾರೆ?
– ಓದುಗ, ಗೌರಿಬಿದನೂರು

ಎರಡೇ ಬಗೆ. ಮಿಂಚುವ ಕಾರಿನ ಮೋಸಗಾರ ಒಬ್ಬ, ಕಾದು ಕುಳಿತ ಸಭ್ಯ ಒಬ್ಬ. ಆ ಸಭ್ಯನಿಗೂ ಅಳುವ ಹಕ್ಕಿಲ್ಲ. ಅದೂ ಅನ್ಯಾಯವೇ.

ಪ್ರಶ್ನೆ: ನೀರಿನಲ್ಲಿ ಮುಳುಗುತ್ತಾ ಅಳುವ ಹುಡುಗಿಯ ಪ್ರಸಿದ್ಧ ಪೇಂಟಿಂಗ್ ಇಂಥ ಕಾಮಿಕ್ಸಿನಿಂದಲೇ ಬಂದದ್ದಾ?
– ಚಿತ್ರಕಲಾ ವಿದ್ಯಾರ್ಥಿನಿ, ತುಮಕೂರು

ಹೌದು. ರಾಯ್ ಲಿಕ್ಟನ್‌ಸ್ಟೈನ್ 1963ರಲ್ಲಿ ಮಾಡಿದ ‘ಡ್ರೌನಿಂಗ್ ಗರ್ಲ್’ ಅದು. ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಮೂಲ ಚಿತ್ರ ಬಿಡಿಸಿದ್ದು ಟೋನಿ ಅಬ್ರುಝೋ, ಡಿಸಿ ಎಂಬ ಪ್ರಕಾಶನದ 1962ರ ಒಂದು ಪ್ರೇಮ ಕಾಮಿಕ್ಸಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂಲದಲ್ಲಿ ಹಿಂದೆ ಒಂದು ದೋಣಿ ಮಗುಚಿದೆ. ಹುಡುಗ ಅದನ್ನು ಹಿಡಿದುಕೊಂಡಿದ್ದಾನೆ. ಹುಡುಗಿಗೆ ಸ್ನಾಯು ಹಿಡಿದುಕೊಂಡಿದೆ, ಆದರೂ ಅವನನ್ನು ಕರೆಯಲ್ಲ ಅನ್ನುತ್ತಾಳೆ. ಪೇಂಟಿಂಗಿನಲ್ಲಿ ದೋಣಿ, ಹುಡುಗ, ಸ್ನಾಯುಸೆಳೆತ ಮೂರೂ ಹೋಗಿ ಅಲೆ ಮತ್ತು ಕಣ್ಣೀರು ಉಳಿದಿವೆ. ಮೂಲದ ಹುಡುಗಿಗೆ ಹಟ ಮಾಡಲು ಒಂದು ಕಾರಣ, ಒಂದು ದೇಹ ಇತ್ತು. ಜಗತ್ತಿಗೆ ಗೊತ್ತಾಗಿದ್ದು ಕಾರಣ ಇಲ್ಲದೆ ಅಳುವವಳು.

ಪ್ರಶ್ನೆ: ಹೆಂಗಸರು ಇದಕ್ಕೆ ಉತ್ತರ ಕೊಡಲಿಲ್ವಾ?
– ಓದುಗಿ, ಚಿಂತಾಮಣಿ

ಕೊಟ್ಟರು. 1970ರಲ್ಲಿ ಕಾಮಿಕ್ಸ್ ಕಲಾವಿದೆ ಟ್ರಿನಾ ರಾಬಿನ್ಸ್ ಮತ್ತು ಗೆಳತಿಯರು ಸೇರಿ ಪೂರ್ತಿ ಹೆಂಗಸರೇ ಮಾಡಿದ ಕಾಮಿಕ್ಸ್ ಹೊರತಂದರು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ‘ಯಂಗ್ ರೊಮ್ಯಾನ್ಸ್’ 1975ರಲ್ಲಿ ನಿಂತಿತು. ಟ್ರಿನಾ ಆಮೇಲೆ ಹುಡುಗಿಯರ ಕಾಮಿಕ್ಸಿನ ಇತಿಹಾಸ ಬರೆದರು, ಮರೆತುಹೋದ ಚಿತ್ರಗಾರ್ತಿಯರ ಹೆಸರುಗಳನ್ನು ಹುಡುಕಿ ತೆಗೆದರು. 2024ರಲ್ಲಿ ತೀರಿಕೊಂಡರು.

ನೀವೇ ಓದಿ ನೋಡಬೇಕು ಅಂದರೆ, ಕಾಪಿರೈಟ್ ಮುಗಿದ ಹಳೆಯ ಕಾಮಿಕ್ಸ್ ‘ಡಿಜಿಟಲ್ ಕಾಮಿಕ್ ಮ್ಯೂಸಿಯಂ’ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಸೇಂಟ್ ಜಾನ್ ಪ್ರಕಾಶನದವು, 1954ಕ್ಕಿಂತ ಮುಂಚಿನವು, ಮ್ಯಾಟ್ ಬೇಕರ್ ಚಿತ್ರವಿರುವವು: ಮೊದಲು ಇವನ್ನು ಓದಿ. ಇಂಗ್ಲಿಷ್ ಸುಲಭವಾಗಿದೆ, ಪಿಯುಸಿ ಮಕ್ಕಳಿಗೂ ಅರ್ಥವಾಗುತ್ತದೆ.