ಪುಟದ ಚೆಂದ ನೋಡಿ ದುಡ್ಡು ಕೊಡಬಹುದೇ?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಫೋನಿನಲ್ಲಿ ಯಕ್ಷಗಾನ ನೋಡುತ್ತಾರೆ, ಮೊಮ್ಮಗನಿಗೆ ವಿಡಿಯೊ ಕಾಲ್ ಮಾಡುತ್ತಾರೆ. ಬ್ಯಾಂಕಿನ ಕೆಲಸ ಮಾತ್ರ ಆನ್‌ಲೈನ್‌ನಲ್ಲಿ ಬೇಡವಂತೆ. ವೆಬ್‌ಸೈಟ್ ತೋರಿಸಿದರೆ, "ಪುಟವೇ ಇಷ್ಟು ಗಲೀಜು, ಇವರು ನನ್ನ ದುಡ್ಡು ಏನು ಕಾಯ್ತಾರೆ?" ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ನಾನು ನಿಮ್ಮ ತಂದೆಯವರ ಪಕ್ಷ. 2002ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಬಿ.ಜೆ. ಫಾಗ್ ಮತ್ತು ಜೊತೆಯವರು ಎರಡೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಸೈಟುಗಳನ್ನು ತೋರಿಸಿ, ಯಾವುದನ್ನು ನಂಬುತ್ತೀರಿ, ಯಾಕೆ ಎಂದು ಕೇಳಿದ್ದರು. ಬಂದ ಅನಿಸಿಕೆಗಳಲ್ಲಿ ಶೇ 46ರಷ್ಟು ಪುಟದ ಅಂದಚೆಂದದ ಬಗ್ಗೆಯೇ. ಹಣಕಾಸಿನ ಸೈಟುಗಳ ವಿಷಯದಲ್ಲಿ ಅದು ಅರ್ಧ ದಾಟಿತ್ತು.

ಆದರೆ ಬರೀ ಚೆಂದ ಸಾಲದು. ನಾನು ಶಿವಮೊಗ್ಗದಲ್ಲಿ ಸೈಬರ್ ಸೆಂಟರ್ ನಡೆಸುತ್ತಿದ್ದಾಗ, ರೈಲು ಟಿಕೆಟ್ ಬುಕ್ ಆಗಿದೆ ಎಂದು ಸ್ಕ್ರೀನ್ ಮೇಲೆ ಬಂದರೂ ಜನ ಏಳುತ್ತಿರಲಿಲ್ಲ. ಪ್ರಿಂಟರ್ ಕಡೆಗೇ ಕಣ್ಣು. ಸುಮ್ನೆ ನಗುತ್ತಿದ್ದೆ. ಆಮೇಲೊಮ್ಮೆ ನಾನೇ ವಿಮೆಯ ಕಂತು ಕಟ್ಟುವಾಗ ಚಕ್ರ ತಿರುಗುತ್ತಲೇ ಉಳಿಯಿತು. ದುಡ್ಡು ಹೋಯಿತೋ ಇಲ್ಲವೋ, ಒಂದಕ್ಷರ ಇಲ್ಲ. ಮತ್ತೆ ಒತ್ತಿದೆ. ಎರಡು ಸಲ ಕಟ್ ಆಯಿತು! ಒಂಬತ್ತು ದಿನಕ್ಕೆ ವಾಪಸ್ ಬಂತು, ನಿಜ. ಸೈಟಿನ ಬಣ್ಣವೇನೋ ಜೋರಾಗಿತ್ತು. ಮುಂದಿನ ಕಂತಿಗೆ ಮಾತ್ರ ಕೌಂಟರಿನ ಮುಂದೆ ಕ್ಯೂ ನಿಂತೆ.

ತಂದೆಯವರಿಗೆ ಒಂದು ವಿಷಯ ತಿಳಿಸಿ. ಕಳ್ಳರ ಪುಟ ಗಲೀಜಾಗಿ ಇರುವುದಿಲ್ಲ. ಅಸಲಿಯ ಲೋಗೊ, ಬಣ್ಣ ಎಲ್ಲ ಎತ್ತಿ ಹಾಕಿರುತ್ತಾರೆ. ಸೈಟಿನ ವಿಳಾಸದ ಪಕ್ಕ ಬೀಗದ ಚಿತ್ರ ಕಂಡರೆ ಸಾಕು ಅನ್ನುವುದೂ ತಪ್ಪು. ಮಧ್ಯದಲ್ಲಿ ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ, ಆ ತುದಿಯಲ್ಲಿ ಕೂತವನು ಸಾಚಾ ಎಂದಲ್ಲ. 2023ರಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರ್‌ನ ವಿಳಾಸದ ಪಟ್ಟಿಯಿಂದ ಆ ಬೀಗವನ್ನೇ ತೆಗೆಯಿತು. ನೋಡಬೇಕಾದದ್ದು ವಿಳಾಸ. ನಮ್ಮ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' (.bank.in) ಎಂದು ಮುಗಿಯುವ ವಿಳಾಸಕ್ಕೆ ಹೋಗಬೇಕೆಂದು ಆರ್‌ಬಿಐ ಹೇಳಿತ್ತು.

ಮೊದಲು ಬರೀ ಬ್ಯಾಲೆನ್ಸ್ ನೋಡುವುದನ್ನು ಕಲಿಸಿ. ಆಮೇಲೆ ಅವರ ಕೈಯಿಂದಲೇ ನಿಮ್ಮ ಖಾತೆಗೆ ಹತ್ತು ರೂಪಾಯಿ ಹಾಕಿಸಿ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಆ ಸಾಲು ತೋರಿಸಿ. ಅಷ್ಟಾದರೂ ಬೇಡ ಅಂದರೆ ಬಿಟ್ಟುಬಿಡಿ. ಬ್ಯಾಂಕಿಗೆ ಹೊರಟವರು ದಾರಿಯಲ್ಲಿ ಒಂದು ಕಾಫಿ ಕುಡಿದು, ನಾಲ್ಕು ಜನರನ್ನು ಮಾತಾಡಿಸಿಕೊಂಡು ಬರುತ್ತಾರೆ, ಅಲ್ವಾ?