ಮುಚ್ಚಳ ಹಾಕಿದ ಬಾಟಲಿ ತೋಟ ಎರಡೇ ವಾರಕ್ಕೆ ಕೊಳೆತುಹೋಯಿತು. ಐದನೇ ತರಗತಿ ಮಕ್ಕಳ ಜೊತೆ ಸರಿಯಾಗಿ ಮಾಡುವುದು ಹೇಗೆ?

ನನ್ನ ಮೊದಲ ಅನುಮಾನ ನೀರಿನ ಮೇಲೆ. ಕುಂಡದ ತಳದಲ್ಲಿ ತೂತಿರುತ್ತದೆ, ಬಾಟಲಿಗೆ ಇರುವುದಿಲ್ಲ. ಮಕ್ಕಳ ಕೈಗೆ ಚೊಂಬು ಕೊಟ್ಟರೆ ಬೇರು ಕೊಳೆತಂತೆಯೇ ಲೆಕ್ಕ. ಬಾಟಲಿಗೆ ತುಂಬುವ ಮೊದಲೇ ಮಣ್ಣನ್ನು ಹದ ಮಾಡಿಕೊಳ್ಳಿ: ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಆಮೇಲೆ ಎಲೆ ಒದ್ದೆಯಾಗುವಷ್ಟು ಸ್ಪ್ರೇ ಸಾಕು.

ಅಗಲ ಬಾಯಿಯ 3 ಲೀಟರಿನ ಗಾಜಿನ ಜಾಡಿ ತೊಳೆದು ಒಣಗಿಸಿ. ತಳಕ್ಕೆ 2 ಸೆಂ.ಮೀ. ಸಣ್ಣ ಜಲ್ಲಿ, ಮೇಲೆ ಸೊಳ್ಳೆಪರದೆಯ ತುಂಡು, ಅದರ ಮೇಲೆ 6 ಸೆಂ.ಮೀ. ಮಣ್ಣು (ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಮರಳು). ಇದ್ದಿಲು ಹಾಕಲೇಬೇಕು ಎನ್ನುವವರಿದ್ದಾರೆ. ಇಷ್ಟು ಚಿಕ್ಕ ಜಾಡಿಗೆ ಅದಿಲ್ಲದಿದ್ದರೂ ನಡೆಯುತ್ತದೆ. ಸಗಣಿ ಗೊಬ್ಬರ ಮಾತ್ರ ಬೇಡ, ಬೂಷ್ಟು ಹಿಡಿಯುತ್ತದೆ. ಗೋಡೆ ಮೇಲಿನ ಹಾವಸೆ, ಒಂದೆರಡು ಪುಟ್ಟ ಜರಿಗಿಡ, ಫಿಟೋನಿಯಾ (ಎಲೆಯ ಮೇಲೆ ಬಣ್ಣದ ನರಗಳಿರುವ ಪುಟ್ಟ ಗಿಡ) ನೆಡಿ. ತುಳಸಿ, ಕಳ್ಳಿ ಇದರೊಳಗೆ ಬಾಳುವುದಿಲ್ಲ.

ಬೆಳಕಿರುವ, ಆದರೆ ಬಿಸಿಲು ನೇರ ಬೀಳದ ಕಡೆ ಇಡಿ. ಮುಚ್ಚಿದ ಗಾಜಿಗೆ ಬಿಸಿಲು ಬಿದ್ದರೆ ಎಲೆ ಬೆಂದುಹೋಗುತ್ತದೆ. ಬೆಳಿಗ್ಗೆ ಗಾಜಿಗೆ ಮಂಜು ಕಟ್ಟಿ ಮಧ್ಯಾಹ್ನಕ್ಕೆ ಕರಗಿದರೆ ನೀರು ಸರಿಯಾಗಿದೆ. ದಿನವಿಡೀ ಹನಿ ಇಳಿಯುತ್ತಿದ್ದರೆ ಎರಡು ಮೂರು ಗಂಟೆ ಮುಚ್ಚಳ ತೆಗೆದಿಡಿ. ವಾರವಾದರೂ ಮಂಜೇ ಕಾಣದಿದ್ದರೆ ಎರಡು ಚಮಚ ನೀರು. ಕೊಳೆತ ಎಲೆ ಕಂಡ ಕೂಡಲೇ ತೆಗೆಯಿರಿ.

ಗಾಳಿ ಇಲ್ಲದೆ ಗಿಡ ಸಾಯುವುದಿಲ್ಲವಾ ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಕಸಕಡ್ಡಿ ಕೊಳೆಸುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಎಲೆ ಹಗಲಲ್ಲಿ ಅದನ್ನು ಬಳಸಿ ಆಮ್ಲಜನಕ ಕೊಡುತ್ತದೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವನ್ನು ಬಾಟಲಿಯ ಹಸಿಮಣ್ಣಲ್ಲಿ ಮುಚ್ಚಿಟ್ಟಾಗ ಜರಿಗಿಡ ಮೊಳೆತಿತ್ತು. ಚೀನಾದಿಂದ ಭಾರತಕ್ಕೆ ಹಡಗಿನಲ್ಲಿ ಚಹಾ ಸಸಿಗಳು ಬಂದದ್ದೂ ಅವನ ಮಾದರಿಯ ಗಾಜಿನ ಪೆಟ್ಟಿಗೆಗಳಲ್ಲೇ.

ನನ್ನ ಮಟ್ಟಿಗೆ ನಿಜವಾದ ಪಾಠ ಇರುವುದು ಅಡುಗೆಮನೆಯ ತಕ್ಕಡಿಯಲ್ಲಿ. ಇಂಥದ್ದೇ ಇನ್ನೊಂದು ಜಾಡಿಯನ್ನು ಮುಚ್ಚಳವಿಲ್ಲದೆ ಇಟ್ಟು, ಎರಡನ್ನೂ ವಾರಕ್ಕೊಮ್ಮೆ ಹೊರಗೆ ಒರೆಸಿ ತೂಗಿಸಿ. ತೂಗುವ ಮೊದಲೇ ಊಹೆ ಬರೆಸಿಕೊಳ್ಳಿ. ಗಿಡ ಬೆಳೆದಿದೆ, ಆದ್ದರಿಂದ ತೂಕ ಏರಿರುತ್ತದೆ ಎಂದೇ ಹೆಚ್ಚಿನವರು ಬರೆಯುತ್ತಾರೆ. ತೆರೆದದ್ದು ನೀರು ಆವಿಯಾಗಿ ವಾರವಾರವೂ ಹಗುರಾಗುತ್ತದೆ, ಮುಚ್ಚಿದ್ದು ಏನೂ ಹೊರಹೋಗದೆ ಅಷ್ಟೇ ಇರುತ್ತದೆ. ಮುಚ್ಚಳ ತೆಗೆಯದ ವಾರವೂ ಅದು ಇಳಿಯುತ್ತಿದ್ದರೆ ಮುಚ್ಚಳ ಸಡಿಲವಿದೆ, ಸುತ್ತ ಟೇಪ್ ಹಾಕಿ.